ಖಾಲಿ ಕಾಲಂಗೆ ಏನು ಅರ್ಥ? ಓಸಿಎಲ್, ಅಲಾಯ್, ಟಿಎಲ್‌ಎ ಪ್ಲಸ್, ಇವೆಂಟ್-ಬಿ ಎಂಬ ಮಾಡೆಲ್ ಬರೆಯುವ ಭಾಷೆಗಳ ನಡುವೆ ಆರಿಸುವ ಮುನ್ನ

ಚಿಕ್ಕಮಗಳೂರಿನ ಕಡೆ ಕಾಫಿ ವ್ಯವಹಾರ ನೋಡಿದವರಿಗೆ ಓಟಿ ಅಂದರೆ ಏನು ಅಂತ ಹೇಳಬೇಕಿಲ್ಲ. ಹೊರಗಿನವರಿಗೆ ಒಂದು ಮಾತು. 50 ಕೆಜಿ ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣಿನ ಮೂಟೆಯ ಸಿಪ್ಪೆ ತೆಗೆದರೆ ಎಷ್ಟು ಕೆಜಿ ಕಾಫಿ ಬೀಜ ಸಿಗುತ್ತದೋ ಅದು ಔಟ್‌ಟರ್ನ್, ಬಾಯಿಮಾತಿನಲ್ಲಿ ಓಟಿ. ರೋಬಸ್ಟಾ ಚೆರ್ರಿಗೆ 26, 27, 28 ಹೀಗೆ ಬರುತ್ತದೆ. ಮೂಟೆಯ ಬೆಲೆ ಇದರ ಮೇಲೆ ನಿಂತಿರುತ್ತದೆ. ಆದರೆ ಮೂಟೆ ಕಣದಿಂದ ಗೋದಾಮಿಗೆ ಬಂದ ದಿನ ಓಟಿ ಯಾರಿಗೂ ಗೊತ್ತಿರುವುದಿಲ್ಲ. ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ತೂಕ ನೋಡಿ ಚೀಟಿ ಬರೆಯುವ ತನಕ ಆ ಕಾಲಂ ಖಾಲಿ.

ನಾವು ಮೂವರು ಸೇರಿ ಬೆಳೆಗಾರರ ಒಂದು ಸಣ್ಣ ಗುಂಪಿಗೆ ಲಾಟ್ (ಒಟ್ಟಿಗೆ ಲೆಕ್ಕಕ್ಕೆ ಬರುವ ಕಾಫಿ) ಲೆಕ್ಕದ ಸಾಫ್ಟ್‌ವೇರ್ ಬರೆದಿದ್ದೆವು. ಓಟಿ 20ಕ್ಕಿಂತ ಕಡಿಮೆ ಇರುವ ಲಾಟ್ ಒಳಗೆ ಬರಬಾರದು ಅಂತ ಡೇಟಾಬೇಸ್‌ನಲ್ಲಿ ಷರತ್ತು ಹಾಕಿದ್ದೆವು. ಅಷ್ಟು ಸಾಕು ಅಂದುಕೊಂಡೆವು. ಮೊದಲ ಸೀಸನ್‌ನಲ್ಲೇ ಓಟಿ ಬರೆಯದ ನಾಲ್ಕು ಲಾಟ್‌ಗಳು ಪಾವತಿ ಪಟ್ಟಿಗೆ ಹೋಗಿ ಕೂತವು. ಅದನ್ನು ಹಿಡಿದವರು ಒಂದು ತೋಟದ ಲೆಕ್ಕ ಬರೆಯುವ ರೈಟರು. "ಚೀಟಿನೇ ಬಂದಿಲ್ಲ ಮಾರಾಯ್ರೆ, ಇದು ಹೆಂಗೆ ಪಾಸಾಯ್ತು?" ಅಂತ ಕೇಳಿದರು.

ಹೇಗೆ ಅಂದರೆ, ಡೇಟಾಬೇಸ್‌ನ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಚೆಕ್ ಷರತ್ತಿನ ಉತ್ತರ 'ಸುಳ್ಳು' ಅಂತ ಬಂದರೆ ಮಾತ್ರ ಸಾಲನ್ನು ತಡೆಯುತ್ತದೆ. ಖಾಲಿ ಕಾಲಂ ಅನ್ನು 20ರ ಜೊತೆ ಹೋಲಿಸಿದರೆ ಉತ್ತರ 'ಗೊತ್ತಿಲ್ಲ'. 'ಗೊತ್ತಿಲ್ಲ' ಅಂದರೆ ಸುಳ್ಳಲ್ಲ, ಹಾಗಾಗಿ ಒಳಗೆ ಬಿಡುತ್ತದೆ. ಅದೇ ಹೋಲಿಕೆಯನ್ನು, ಬೇಕಾದ ಸಾಲುಗಳನ್ನು ಆರಿಸುವ ವೇರ್ ಭಾಗದಲ್ಲಿ ಬರೆದರೆ 'ಗೊತ್ತಿಲ್ಲ' ಬಂದ ಸಾಲು ಹೊರಗೆ ಬೀಳುತ್ತದೆ. ಒಂದೇ ಭಾಷೆ, ಒಂದೇ ಹೋಲಿಕೆ, ಎರಡು ಕಡೆ ಎರಡು ನಡವಳಿಕೆ.

ಆಮೇಲೆ ನಾವು ಕೋಡ್ ಬರೆಯುವ ಮೊದಲೇ ಮಾಡೆಲ್, ಅಂದರೆ ವ್ಯವಸ್ಥೆಯ ಮತ್ತು ಅದರ ಷರತ್ತುಗಳ ನಿಖರ ನಕ್ಷೆ, ಅದಕ್ಕೆಂದೇ ಇರುವ ಭಾಷೆಯಲ್ಲಿ ಬರೆದು ಪರೀಕ್ಷಿಸೋಣ ಅಂತ ಹೊರಟೆವು. ಯಾವ ಭಾಷೆ ಅನ್ನೋ ಪ್ರಶ್ನೆ ಬಂತು. ಹೋಲಿಕೆಯ ಲೇಖನಗಳಲ್ಲಿ ಜಾಸ್ತಿ ಸಿಗುವುದು ಟೂಲ್ ಚೆನ್ನಾಗಿದೆಯಾ, ಬರೆಯೋಕೆ ಸುಲಭವಾ, ಚಿತ್ರ ತೋರಿಸುತ್ತದಾ ಅನ್ನೋ ಮಾತು. ನನ್ನ ಅನುಭವದಲ್ಲಿ ಮೊದಲು ಕೇಳಬೇಕಾದ್ದು ಬೇರೆ: ನಾನು ಬರೆದ ಷರತ್ತಿಗೆ ಈ ಭಾಷೆ ಕೊಡುವ ಅರ್ಥ ಯಾವ ಗಣಿತದ ಮೇಲೆ ನಿಂತಿದೆ? ಇರದ ಬೆಲೆಯನ್ನು (ದುಡ್ಡಿನ ಬೆಲೆಯಲ್ಲ, ಕಾಲಂನಲ್ಲಿ ಇರಬೇಕಾದ ಅಂಕಿ) ಅದು ಏನು ಮಾಡುತ್ತದೆ? ಇದಕ್ಕೆ ಫಾರ್ಮಲ್ ಸೆಮ್ಯಾಂಟಿಕ್ಸ್ ಅನ್ನುತ್ತಾರೆ, ಆ ಹೆಸರಿಗೇ ಹೆದರುವವರು ಬಹಳ ಜನ. ಆದರೆ ರೈಟರು ಕೇಳಿದ್ದು ಸರಿಯಾಗಿ ಅದೇ ಪ್ರಶ್ನೆ.

ಇಲ್ಲಿ ನಾಲ್ಕು ಭಾಷೆಗಳನ್ನು ನೋಡೋಣ. ಉದಾಹರಣೆ ಒಂದೇ. ಬೆಳೆಗಾರರಿದ್ದಾರೆ, ಅವರ ಲಾಟ್‌ಗಳಿವೆ, ಪ್ರತಿ ಲಾಟ್‌ಗೂ ತೂಕ ಇದೆ, ಓಟಿ ಇರಬಹುದು, ಇಲ್ಲದೇ ಇರಬಹುದು. ಷರತ್ತು: ಓಟಿ 20ರಿಂದ 32ರ ಒಳಗಿರಬೇಕು.

ಓಸಿಎಲ್: ಖಾಲಿ ಬೇರೆ, ಕೆಟ್ಟದ್ದು ಬೇರೆ

ಓಸಿಎಲ್ ಅಂದರೆ ಆಬ್ಜೆಕ್ಟ್ ಕನ್‌ಸ್ಟ್ರೇಂಟ್ ಲ್ಯಾಂಗ್ವೇಜ್. ಸಾಫ್ಟ್‌ವೇರ್‌ನ ವಸ್ತುಗಳನ್ನೂ ಸಂಬಂಧಗಳನ್ನೂ ಕ್ಲಾಸ್ ಡಯಾಗ್ರಾಂ ಎಂಬ ಚಿತ್ರದಲ್ಲಿ ಬರೆಯುವವರಿಗೆ ಇದು ಹತ್ತಿರದ ನೆಂಟ. 1995ರಲ್ಲಿ ಐಬಿಎಂನಲ್ಲಿ ಶುರುವಾಗಿ, 1997ರಲ್ಲಿ, ಅಂಥ ಚಿತ್ರಗಳ ಸ್ಟ್ಯಾಂಡರ್ಡ್ ಆದ ಯುಎಂಎಲ್‌ನ 1.1 ಆವೃತ್ತಿಯ ಜೊತೆ ಸೇರಿತು. ಚಿತ್ರದಲ್ಲಿ ಗೆರೆ ಎಳೆದು ಹೇಳಲಾಗದ ಷರತ್ತನ್ನು ಮಾತಿನಲ್ಲಿ ಬರೆಯೋಕೆ ಹುಟ್ಟಿದ ಭಾಷೆ.

ಓಸಿಎಲ್‌ನಲ್ಲಿ ಒಂದು ತರ್ಕದ ಮಾತಿಗೆ ನಾಲ್ಕು ಉತ್ತರ ಬರಬಹುದು: ನಿಜ, ಸುಳ್ಳು, ನಲ್, ಇನ್‌ವ್ಯಾಲಿಡ್. ನಲ್ ಅಂದರೆ ಬೆಲೆ ಇನ್ನೂ ಇಲ್ಲ. ಇನ್‌ವ್ಯಾಲಿಡ್ ಅಂದರೆ ಲೆಕ್ಕವೇ ಕೆಟ್ಟಿದೆ, ಸೊನ್ನೆಯಿಂದ ಭಾಗಿಸಿದ ಹಾಗೆ. ಚೀಟಿ ಬರದ ಲಾಟ್‌ನ ಓಟಿ ನಲ್. ಅದನ್ನು 20ರ ಜೊತೆ ಹೋಲಿಸಲು ಹೋದರೆ ಉತ್ತರ ಇನ್‌ವ್ಯಾಲಿಡ್. ಓಸಿಎಲ್‌ನ ಇನ್ವೇರಿಯಂಟ್, ಅಂದರೆ ಸದಾ ಉಳಿಯಬೇಕಾದ ಷರತ್ತು, ಎಲ್ಲ ವಸ್ತುಗಳಿಗೂ 'ನಿಜ' ಅಂತ ಬರಬೇಕು. ಇನ್‌ವ್ಯಾಲಿಡ್ ನಿಜ ಅಲ್ಲ, ಹಾಗಾಗಿ ಷರತ್ತು ಈಡೇರಲಿಲ್ಲ. ಎಸ್‌ಕ್ಯೂಎಲ್ ಒಳಗೆ ಬಿಟ್ಟ ಲಾಟನ್ನು ಓಸಿಎಲ್ ಬಾಗಿಲಲ್ಲೇ ನಿಲ್ಲಿಸುತ್ತದೆ.

ಆದರೆ ನಮಗೆ ಬೇಕಾಗಿದ್ದು ಅದೂ ಅಲ್ಲ, ಅಲ್ವಾ? ಚೀಟಿ ಬರದ ಲಾಟ್ ಗೋದಾಮಿನಲ್ಲಿ ಇರಲೇಬೇಕು. ಹಾಗಾಗಿ 'ಓಟಿ ಇದ್ದರೆ, ಅದು 20ರಿಂದ 32ರ ಒಳಗೆ' ಅಂತ ಬರೆಯಬೇಕು. ಇಲ್ಲಿ ಓಸಿಎಲ್‌ನ ಒಂದು ಒಳ್ಳೆಯ ಗುಣ ಕಾಣುತ್ತದೆ. 'ಹೀಗಿದ್ದರೆ ಹಾಗೆ' ಅನ್ನುವ ಮಾತಿನ ಎಡಗಡೆ ಸುಳ್ಳಾದರೆ ಇಡೀ ಮಾತು ಯಾವಾಗಲೂ ನಿಜ, ಬಲಗಡೆ ಇನ್‌ವ್ಯಾಲಿಡ್ ಇದ್ದರೂ ಸರಿ. 'ಅಥವಾ'ಗೂ ಹೀಗೇ: ಒಂದು ಕಡೆ ನಿಜ ಇದ್ದರೆ ಇನ್ನೊಂದು ಕಡೆ ಏನಿದ್ದರೂ ಉತ್ತರ ನಿಜ. ಎಡ ಬಲ ಅದಲು ಬದಲು ಮಾಡಿದರೂ ಅದೇ ಉತ್ತರ. ಜಾವಾ ಬರೆದು ಕೈ ಪಳಗಿದವರು ಎಡದಿಂದ ಬಲಕ್ಕೆ ನೋಡುವ ಅಭ್ಯಾಸದಲ್ಲಿರುತ್ತಾರೆ. ಓಸಿಎಲ್ ಹಾಗಲ್ಲ.

ಓಸಿಎಲ್‌ನ ಅರ್ಥವನ್ನು ಎಲ್ಲಿ ಓದಬೇಕು ಅನ್ನುವುದೇ ಸ್ವಲ್ಪ ಗೋಜಲು. ಸ್ಟ್ಯಾಂಡರ್ಡ್‌ನ ಮುಖ್ಯ ಭಾಗ ಅರ್ಥವನ್ನೂ ಯುಎಂಎಲ್ ಮಾಡೆಲ್ ಬಳಸಿಯೇ ಹೇಳುತ್ತದೆ. ಗಣ, ಫಂಕ್ಷನ್ ಎಂದು ಗಣಿತದಲ್ಲಿ ಹೇಳಿದ ಅರ್ಥ ಅನುಬಂಧ 'ಎ'ಯಲ್ಲಿದೆ. ಅದರ ಬೇರು ಮಾರ್ಕ್ ರಿಕ್ಟರ್ಸ್ ಜರ್ಮನಿಯ ಬ್ರೆಮೆನ್‌ನಲ್ಲಿ ಮಾಡಿದ ಕೆಲಸ. ಅಲ್ಲಿಂದಲೇ ಯೂಸ್ ಎಂಬ ಟೂಲ್ ಕೂಡ ಬಂತು. ಆಮೇಲೆ ಆಕಿಮ್ ಬ್ರುಕರ್, ಬುರ್ಕ್‌ಹಾರ್ಟ್ ವೋಲ್ಫ್ ಮತ್ತಿತರರು ಓಸಿಎಲ್‌ನ ತಿರುಳನ್ನು ಇಸಬೆಲ್ ಎಂಬ, ಗಣಿತದ ಸಾಬೀತು ಪರೀಕ್ಷಿಸುವ ಟೂಲ್‌ನೊಳಗೆ ಕಟ್ಟಿದರು. ಅದರ ಹೆಸರು ಫೆದರ್‌ವೇಟ್ ಓಸಿಎಲ್. ನಲ್ ಮತ್ತು ಇನ್‌ವ್ಯಾಲಿಡ್ ಎರಡೂ ಇದ್ದಾಗ ಯಾವ ತರ್ಕದ ನಿಯಮ ಉಳಿಯುತ್ತದೆ, ಯಾವುದು ಬಿದ್ದುಹೋಗುತ್ತದೆ ಅಂತ ಕಂಪ್ಯೂಟರಿನಿಂದಲೇ ಪರೀಕ್ಷೆ ಮಾಡಿಸಿದ ಕೆಲಸ ಅದು. ಓಸಿಎಲ್ ಮೇಲೆ ಗಂಭೀರವಾಗಿ ಏನಾದರೂ ಕಟ್ಟುವವರು ಅದನ್ನು ಓದಲೇಬೇಕು ಅಂತ ನನ್ನ ಅಭಿಪ್ರಾಯ.

ಅಲಾಯ್: ಖಾಲಿ ಅಂದರೆ ಖಾಲಿ ಗಣ

ಎಂಐಟಿಯ ಡೇನಿಯಲ್ ಜಾಕ್ಸನ್ ಮತ್ತು ಅವರ ಗುಂಪು 1990ರ ದಶಕದ ಕೊನೆಯಿಂದ ಬೆಳೆಸಿದ ಭಾಷೆ. ಇದರ ಅರ್ಥ ಒಂದೇ ಸಾಲಿನಲ್ಲಿ ಹೇಳಬಹುದು: ಇಲ್ಲಿರುವುದೆಲ್ಲ ಸಂಬಂಧ. ಒಂದು ಲಾಟ್ ಅಂದರೂ ಒಂದೇ ಸದಸ್ಯ ಇರುವ ಗಣ. ಓಟಿ ಇಲ್ಲದ ಲಾಟ್‌ನ ಓಟಿ ಕೇಳಿದರೆ ಖಾಲಿ ಗಣ ಸಿಗುತ್ತದೆ. ನಲ್ ಇಲ್ಲ, ಇನ್‌ವ್ಯಾಲಿಡ್ ಇಲ್ಲ, ಮೂರನೇ ಉತ್ತರವೂ ಇಲ್ಲ. ನಿಜ ಅಥವಾ ಸುಳ್ಳು ಅಷ್ಟೇ.

ಮೊದಲ ಸಲ ಓದಿದಾಗ ಎಷ್ಟು ಹಗುರ ಅನ್ನಿಸಿತು. ಆದರೆ ಒಂದು ಜಾಗದಲ್ಲಿ ಹುಷಾರಾಗಿರಬೇಕು. 'ಲಾಟ್‌ನ ಓಟಿ 20ಕ್ಕಿಂತ ಕಡಿಮೆಯಲ್ಲ' ಅಂತ ನೇರ ಬರೆಯಿರಿ. ಅಂಕಿಗಳ ಗಣವನ್ನು ಹೋಲಿಸುವಾಗ ಅಲಾಯ್ ಆ ಗಣದ ಮೊತ್ತ ತೆಗೆದುಕೊಳ್ಳುತ್ತದೆ. ಖಾಲಿ ಗಣದ ಮೊತ್ತ ಸೊನ್ನೆ. ಸೊನ್ನೆ 20ಕ್ಕಿಂತ ಕಡಿಮೆ, ಹಾಗಾಗಿ ಉತ್ತರ ಸುಳ್ಳು. ಈಗ 'ಓಟಿ 32ಕ್ಕಿಂತ ಜಾಸ್ತಿಯಲ್ಲ' ಅಂತ ಬರೆಯಿರಿ. ಸೊನ್ನೆ 32ರ ಒಳಗೇ ಇದೆ, ಹಾಗಾಗಿ ನಿಜ. ಅದೇ ಖಾಲಿ ಚೀಟಿಗೆ ಒಂದು ಮಿತಿ ಸುಳ್ಳು, ಇನ್ನೊಂದು ಮಿತಿ ನಿಜ. ಮೂರನೆಯದಾಗಿ 'ಓಟಿಯಲ್ಲಿರುವ ಪ್ರತಿ ಅಂಕಿಯೂ 20 ಅಥವಾ ಜಾಸ್ತಿ' ಅಂತ 'ಆಲ್' ಬಳಸಿ ಬರೆದರೆ, ನೋಡೋಕೆ ಅಂಕಿಯೇ ಇಲ್ಲವಲ್ಲ, ಹಾಗಾಗಿ ನಿಜ. ಈ ಮೂರನ್ನೂ ಪಕ್ಕಪಕ್ಕ ಇಟ್ಟು ಓಡಿಸಿ ನೋಡಿದ ಸಂಜೆ ನನಗೆ ಅಲಾಯ್ ನಿಜವಾಗಿ ಅರ್ಥವಾಯಿತು. ಗಣಿತದಲ್ಲಿ ತಪ್ಪೇನೂ ಇಲ್ಲ. ಎಲ್ಲವೂ ಒಂದೇ ನಿಯಮದಿಂದ ಬರುತ್ತದೆ. ಆದರೆ ನಿಯಮ ಗೊತ್ತಿಲ್ಲದೆ ಬರೆದರೆ ನಮ್ಮ ಮನಸ್ಸಿನಲ್ಲಿರುವ ಷರತ್ತು ಬೇರೆ, ಕಾಗದದಲ್ಲಿರುವ ಷರತ್ತು ಬೇರೆ ಆಗಿರುತ್ತದೆ.

ಇದರ ದೊಡ್ಡ ಬಲ ಹುಡುಕಾಟ. ನೀವು ಬರೆದ ಮಾತನ್ನು ಕೊಡ್‌ಕೊಡ್ ಎಂಬ ಎಂಜಿನ್ ಮೂಲಕ, ತರ್ಕದ ಷರತ್ತುಗಳಿಗೆ ಉತ್ತರ ಹುಡುಕುವ ಸ್ಯಾಟ್ ಸಾಲ್ವರ್ ಎಂಬ ಪ್ರೋಗ್ರಾಂಗೆ ಕೊಟ್ಟು, ನಿಮ್ಮ ಷರತ್ತು ಮುರಿಯುವ ಉದಾಹರಣೆ ಸಿಗುತ್ತದಾ ಅಂತ ನೋಡುತ್ತದೆ. ಸಿಕ್ಕರೆ ಚಿತ್ರ ಬರೆದು ತೋರಿಸುತ್ತದೆ. ಆ ಚಿತ್ರವನ್ನು ರೈಟರಿಗೆ ತೋರಿಸಿದರೆ ಅವರಿಗೂ ಅರ್ಥವಾಗುತ್ತದೆ. ಹುಡುಕುವುದು ಸಣ್ಣ ಮಿತಿಯೊಳಗೆ. ಬೇರೆ ಹೇಳದಿದ್ದರೆ ಪ್ರತಿ ಬಗೆಯ ವಸ್ತುಗಳೂ (ಬೆಳೆಗಾರರು, ಲಾಟ್‌ಗಳು) ಮೂರರ ತನಕ. ಹೆಚ್ಚಿನ ತಪ್ಪುಗಳು ಸಣ್ಣ ಉದಾಹರಣೆಯಲ್ಲೇ ಕಾಣಿಸಿಕೊಳ್ಳುತ್ತವೆ ಅನ್ನೋ ನಂಬಿಕೆ ಇದರ ಹಿಂದಿದೆ. ಏನೂ ಸಿಗಲಿಲ್ಲ ಅಂದರೆ ಆ ಮಿತಿಯೊಳಗೆ ಸಿಗಲಿಲ್ಲ ಅಂತ ಮಾತ್ರ ಅರ್ಥ.

ಟಿಎಲ್‌ಎ ಪ್ಲಸ್: ಉತ್ತರ ಇದೆ, ಆದರೆ ಯಾವುದು ಅಂತ ಹೇಳುವುದಿಲ್ಲ

ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ ಅವರ ಭಾಷೆ. ಗಣ ಸಿದ್ಧಾಂತದ ಮೇಲೆ ನಿಂತಿದೆ, ಟೈಪ್‌ಗಳಿಲ್ಲ, ಅಂದರೆ ಇದು ಅಂಕಿ, ಇದು ಅಕ್ಷರ ಅಂತ ಮೊದಲೇ ಗೊತ್ತುಮಾಡುವುದಿಲ್ಲ. ಖಾಲಿ ಓಟಿಗೆ ನೀವೇ ಒಂದು ಗುರುತು ಇಟ್ಟುಕೊಳ್ಳಬೇಕು, 'ಇಲ್ಲ' ಅಂತ ಅಂದುಕೊಳ್ಳಿ. 'ಇಲ್ಲ' ಅನ್ನುವುದು 20ಕ್ಕಿಂತ ದೊಡ್ಡದಾ ಅಂತ ಕೇಳಿದರೆ ಭಾಷೆಯ ಗಣಿತ ಏನನ್ನೂ ಗೊತ್ತುಮಾಡಿ ಹೇಳುವುದಿಲ್ಲ. ಆ ಮಾತಿಗೆ ಒಂದು ಬೆಲೆ ಇದೆ, ಯಾವುದು ಅಂತ ನೀವು ನೆಚ್ಚುವಂತಿಲ್ಲ. ಮಾಡೆಲ್ ಪರೀಕ್ಷಿಸುವ ಟಿಎಲ್‌ಸಿ ಟೂಲ್ ಅಂಥ ಕಡೆ ದೋಷ ತೋರಿಸಿ ನಿಂತುಬಿಡುತ್ತದೆ. ಅದು ನನಗೆ ಇಷ್ಟ. ಸುಮ್ನೆ ಒಳಗೆ ಬಿಡುವುದಕ್ಕಿಂತ ನಿಂತು ಕೂಗುವುದು ವಾಸಿ.

ಟೈಪ್ ಇಲ್ಲದ ಕಾರಣ ಎಲ್ಲರೂ ಮೊದಲು ಬರೆಯುವ ಇನ್ವೇರಿಯಂಟ್ ಅಂದರೆ ಯಾವ ವೇರಿಯಬಲ್‌ನಲ್ಲಿ ಏನಿರಬಹುದು ಅನ್ನುವುದು: ಓಟಿ ಒಂದೋ ಅಂಕಿ, ಇಲ್ಲವೇ 'ಇಲ್ಲ'. ಇದನ್ನು ಬರೆಯುವಾಗಲೇ ಅರ್ಧ ಗೊಂದಲ ತಿಳಿಯಾಗುತ್ತದೆ.

ಇವೆಂಟ್-ಬಿ: ಕೇಳುವ ಮೊದಲು ಸಾಬೀತು ಮಾಡು

ಝಡ್ ಎಂಬ ಹಳೆಯ ಮಾಡೆಲ್ ಭಾಷೆಯ ಹಿಂದಿದ್ದ ಜಾನ್-ರೇಮಂಡ್ ಅಬ್ರಿಯಲ್ ಅವರೇ ಮುಂದೆ ಬಿ ಮೆಥಡ್, ಆಮೇಲೆ ಇವೆಂಟ್-ಬಿ ಕಟ್ಟಿದರು. ಪ್ಯಾರಿಸ್‌ನಲ್ಲಿ 1998ರಲ್ಲಿ ಶುರುವಾದ, ಚಾಲಕರಿಲ್ಲದ ಮೆಟ್ರೊ 14ನೇ ಮಾರ್ಗದ ಸುರಕ್ಷತೆಯ ಸಾಫ್ಟ್‌ವೇರ್ ಬಿ ಮೆಥಡ್‌ನಲ್ಲಿ ಆಗಿದ್ದು.

ಇಲ್ಲಿ ಓಟಿ ಒಂದು ಪಾರ್ಶಿಯಲ್ ಫಂಕ್ಷನ್. ಕೆಲವು ಲಾಟ್‌ಗಳಿಗೆ ಬೆಲೆ ಇದೆ, ಕೆಲವಕ್ಕೆ ಇಲ್ಲ. 'ಈ ಲಾಟ್‌ನ ಓಟಿ 20ಕ್ಕಿಂತ ಕಡಿಮೆಯಲ್ಲ' ಅಂತ ಬರೆದ ಕೂಡಲೇ ಇವೆಂಟ್-ಬಿಯ ರೋಡಿನ್ ಟೂಲ್ ನಿಮ್ಮ ಮುಂದೆ ಒಂದು ಬಾಕಿ ಇಡುತ್ತದೆ: ಈ ಲಾಟ್‌ಗೆ ಓಟಿ ಇದೆ ಅಂತ ಮೊದಲು ಸಾಬೀತು ಮಾಡಿ. ಮಾಡಲಾಗದಿದ್ದರೆ ಆ ಬಾಕಿ ತೀರದೆ ಹಾಗೇ ಕಣ್ಣೆದುರು ಉಳಿಯುತ್ತದೆ. 'ಓಟಿ ಇದ್ದರೆ' ಅನ್ನುವುದನ್ನು ಎಡಗಡೆ ಸೇರಿಸಿ ಬರೆದರೆ ಬಾಕಿ ತೀರುತ್ತದೆ. ಇಲ್ಲಿ ಎಡ ಬಲ ಮುಖ್ಯ, ಓಸಿಎಲ್‌ನ ಹಾಗಲ್ಲ. ಕಾವಲು ಮಾತು ಮೊದಲು ಬರಬೇಕು.

ನಾಲ್ಕರಲ್ಲೂ ಅತಿ ಕಟ್ಟುನಿಟ್ಟು ಇದು. ಕಲಿಯೋಕೆ ಸಮಯವೂ ಜಾಸ್ತಿ. ಝಡ್ ಬಗ್ಗೆ ಕೇಳುವವರಿಗೆ: ಅದರ ಐಎಸ್‌ಒ ಸ್ಟ್ಯಾಂಡರ್ಡ್ 2002ರದ್ದು. ಇರದ ಬೆಲೆಯ ವಿಷಯದಲ್ಲಿ ಅದು ಬೇಕೆಂದೇ ಒಂದಕ್ಕಿಂತ ಹೆಚ್ಚು ದಾರಿಗಳಿಗೆ ಜಾಗ ಬಿಟ್ಟಿದೆ. ಓದಿ ಕಲಿಯೋಕೆ ಸೊಗಸು, ಇವತ್ತು ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳಲಾರೆ.

ಎರಡು ಮೂಟೆ ಸೇರಿ ಎಷ್ಟು?

ಖಾಲಿ ಕಾಲಂ ಆದ ಮೇಲೆ ಎರಡನೇ ಪರೀಕ್ಷೆ ಮೊತ್ತ. ಒಬ್ಬ ಬೆಳೆಗಾರರ ಎರಡು ಲಾಟ್, ಎರಡೂ 50 ಕೆಜಿ. ಒಟ್ಟು 100 ಬರಬೇಕು.

ಓಸಿಎಲ್‌ನಲ್ಲಿ ಬೆಳೆಗಾರರಿಂದ ಲಾಟ್‌ಗಳಿಗೆ, ಅಲ್ಲಿಂದ ತೂಕಕ್ಕೆ ಚುಕ್ಕಿ ಇಟ್ಟು ಹೋದರೆ ಸಿಗುವುದು ಬ್ಯಾಗ್. ಬ್ಯಾಗ್‌ನಲ್ಲಿ ಒಂದೇ ಅಂಕಿ ಎರಡು ಸಲ ಇರಬಹುದು. ಮೊತ್ತ 100. ಮಧ್ಯೆ ಎಲ್ಲಾದರೂ ಅದನ್ನು ಸೆಟ್ (ಗಣ) ಮಾಡಿದರೆ, ಅದರಲ್ಲಿ ಒಂದು ಅಂಕಿ ಒಂದೇ ಸಲ ಇರುವುದರಿಂದ, ಒಂದು 50 ಮಾಯ.

ಅಲಾಯ್‌ನಲ್ಲಿ ಅದೇ ದಾರಿಯಲ್ಲಿ ಹೋದರೆ ಸಿಗುವುದು ಗಣ. ಎರಡು 50 ಸೇರಿ ಒಂದೇ 50. ಮೊತ್ತ 50. ಬೆಳೆಗಾರರಿಗೆ ಅರ್ಧ ದುಡ್ಡು! 'ಪ್ರತಿ ಲಾಟ್‌ಗೂ ಅದರ ತೂಕ ತೆಗೆದು ಕೂಡಿಸು' ಅಂತ ಸಮ್ ಬಳಸಿ, ಲಾಟ್ ಲಾಟ್ ಎಣಿಸಿ ಬರೆಯಬೇಕು. ಟಿಎಲ್‌ಎ ಪ್ಲಸ್‌ನಲ್ಲೂ ತೂಕಗಳನ್ನು ಗಣ ಮಾಡಿದರೆ ಇದೇ ಕಥೆ.

ಅಂಕಿಗಳ ವಿಷಯದಲ್ಲಿ ಅಲಾಯ್‌ಗೆ ಇನ್ನೊಂದು ಮಿತಿ. ಬೇರೆ ಹೇಳದಿದ್ದರೆ ಅದರ ಅಂಕಿಗಳು 4 ಬಿಟ್, ಅಂದರೆ ಮೈನಸ್ 8ರಿಂದ 7ರ ತನಕ. ಓಟಿ 28 ಅಲ್ಲಿ ಹಿಡಿಸುವುದೇ ಇಲ್ಲ. 8 ಬಿಟ್ ಅಂದರೆ 127ರ ತನಕ. ಎರಡು ಮೂಟೆ ಹಿಡಿಸುತ್ತದೆ, ಮೂರನೆಯದು ಬಂದರೆ ಲೆಕ್ಕ ಸುತ್ತಿಕೊಂಡು ಮೈನಸ್‌ಗೆ ಹೋಗಬಹುದು. ಅಲಾಯ್‌ನಲ್ಲಿ ಅಂಕಿ ಬರೆಯದೆ ಓಟಿಯನ್ನು 'ಕಡಿಮೆ, ಸರಿ, ಜಾಸ್ತಿ' ಅಂತ ಮೂರು ಬಗೆ ಮಾಡಿದರೆ ಹೆಚ್ಚಿನ ಷರತ್ತುಗಳು ಹಾಗೇ ನಿಲ್ಲುತ್ತವೆ. ನಾವು ಹಾಗೇ ಮಾಡಿದೆವು. ನಿಮ್ಮ ಷರತ್ತುಗಳೆಲ್ಲ ದುಡ್ಡಿನ ಲೆಕ್ಕವೇ ಆಗಿದ್ದರೆ ಅಲಾಯ್ ಬೇಡ.

ಮಳೆ ಬಂದು ನೆಟ್‌ವರ್ಕ್ ಹೋದಾಗ

ಇಲ್ಲಿಯ ತನಕ ಹೇಳಿದ್ದೆಲ್ಲ ಒಂದು ಗಳಿಗೆಯ ಚಿತ್ರ. ನಮ್ಮ ನಿಜವಾದ ತಲೆನೋವು ಕಾಲದ್ದು. ಕಣದಲ್ಲಿ ಟ್ಯಾಬ್ಲೆಟ್ ಹಿಡಿದು ತೂಕ ಬರೆಯುತ್ತಾರೆ. ಮಲೆನಾಡಿನ ಮಳೆ, ಕರೆಂಟು, ಟವರು ಎಲ್ಲರಿಗೂ ಗೊತ್ತು. ನೆಟ್‌ವರ್ಕ್ ಬಂದಾಗ ಟ್ಯಾಬ್ಲೆಟ್ ಕಳಿಸುತ್ತದೆ, ಉತ್ತರ ಬರಲಿಲ್ಲ ಅಂತ ಮತ್ತೆ ಕಳಿಸುತ್ತದೆ. ಒಂದೇ ಲಾಟ್ ಎರಡು ಸಲ ಲೆಕ್ಕಕ್ಕೆ ಬಿತ್ತಾ?

ಓಸಿಎಲ್ ಇದಕ್ಕೆ ಆಗುವುದಿಲ್ಲ. ಅದರಲ್ಲಿ ಒಂದು ಕೆಲಸದ ಮುಂಚಿನ ಸ್ಥಿತಿ, ಆಮೇಲಿನ ಸ್ಥಿತಿ ಹೇಳಬಹುದು. ಹಲವು ಹೆಜ್ಜೆಗಳ ದಾರಿಯ ಬಗ್ಗೆ ಮಾತಾಡೋಕೆ ಪದಗಳೇ ಇಲ್ಲ. ಅಲಾಯ್ 6, 2021ರಲ್ಲಿ ಬಂದದ್ದು, 'ಯಾವಾಗಲೂ', 'ಮುಂದೊಂದು ದಿನ' ಅನ್ನುವ ಮಾತುಗಳನ್ನು ಭಾಷೆಗೇ ಸೇರಿಸಿತು. ಬೇರೆ ಹೇಳದಿದ್ದರೆ 10 ಹೆಜ್ಜೆಗಳ ತನಕ ಹುಡುಕುತ್ತದೆ.

ಟಿಎಲ್‌ಎ ಪ್ಲಸ್ ಹುಟ್ಟಿದ್ದೇ ಇದಕ್ಕೆ. ಅಮೆಜಾನ್‌ನ ಕ್ಲೌಡ್ ಎಂಜಿನಿಯರುಗಳು 2011ರಿಂದ ಇದನ್ನು ಬಳಸಿ, ಬೇರೆ ಪರೀಕ್ಷೆಗಳಲ್ಲಿ ಸಿಗದ ತಪ್ಪುಗಳನ್ನು ಹಿಡಿದಿದ್ದಾರೆ. ಬರೆಯುವುದು, ಕಳಿಸುವುದು, ತಲುಪುವುದು, ದಾರಿಯಲ್ಲಿ ಕಳೆದುಹೋಗುವುದು ಅಂತ ನಾಲ್ಕು ಕ್ರಿಯೆ ಬರೆದು ಟಿಎಲ್‌ಸಿಗೆ ಕೊಟ್ಟರೆ ಅವು ಯಾವ ಯಾವ ಸರದಿಯಲ್ಲಿ ಬರಬಹುದೋ ಅಷ್ಟನ್ನೂ ನೋಡುತ್ತದೆ. ಎರಡು ಸಲ ಎಣಿಸುವ ದಾರಿ ನಮ್ಮ ಮಾಡೆಲ್‌ನಲ್ಲಿ ಕೆಲವೇ ಸೆಕೆಂಡಿನಲ್ಲಿ ಸಿಕ್ಕಿತು. ಆ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಓದಿದಾಗ, ಇದನ್ನು ನಾವು ಕೂತು ಯೋಚಿಸಿ ಕಾಣುತ್ತಿರಲಿಲ್ಲ ಅಂತ ಮೂವರಿಗೂ ಅನ್ನಿಸಿತು.

ಇದರ ಅರ್ಥದಲ್ಲೂ ಒಂದು ಸೂಕ್ಷ್ಮ ಇದೆ. ಟಿಎಲ್‌ಎ ಪ್ಲಸ್‌ನಲ್ಲಿ ಏನೂ ಆಗದ ಹೆಜ್ಜೆಗೂ ಸಾಮಾನ್ಯವಾಗಿ ಜಾಗ ಇರುತ್ತದೆ. ವ್ಯವಸ್ಥೆ ಎಂದೆಂದಿಗೂ ಸುಮ್ಮನೆ ಕೂರಬಹುದು. 'ಬರೆದ ತೂಕ ಕೊನೆಗೊಮ್ಮೆ ತಲುಪುತ್ತದೆ' ಅಂತ ಕೇಳಿದರೆ 'ಇಲ್ಲ' ಅಂತಲೇ ಉತ್ತರ ಬರುತ್ತದೆ, ನೀವು ಫೇರ್‌ನೆಸ್ ಎಂಬ ಷರತ್ತು ಸೇರಿಸುವ ತನಕ. ಕೆಲಸ ಮಾಡಲು ಅವಕಾಶ ಸದಾ ಇದ್ದರೆ ಒಮ್ಮೆಯಾದರೂ ಮಾಡಲೇಬೇಕು ಅನ್ನುವ ಷರತ್ತು ಅದು. ಹೊಸಬರು ಇಲ್ಲಿ ಎಡವುತ್ತಾರೆ, ಟೂಲ್ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಹಾಗಾದರೆ ಯಾವುದು?

ನಿಮ್ಮ ಆಫೀಸಿನಲ್ಲಿ ಈಗಾಗಲೇ ಯುಎಂಎಲ್ ಚಿತ್ರಗಳಿದ್ದು, ಷರತ್ತುಗಳನ್ನು ನಿಜವಾದ ಡೇಟಾ ಮೇಲೆ ಪರೀಕ್ಷಿಸಬೇಕಿದ್ದರೆ ಓಸಿಎಲ್ ತೆಗೆದುಕೊಳ್ಳಿ. ಇರದ ಬೆಲೆ ಬರಬಹುದಾದ ಪ್ರತಿ ಕಡೆ ಕಾವಲು ಬರೆಯಿರಿ. ಎರಡು ಟೂಲ್‌ಗಳು ಇನ್‌ವ್ಯಾಲಿಡ್ ಅನ್ನು ಒಂದೇ ತರ ತೋರಿಸುತ್ತವೆ ಅಂತ ಮಾತ್ರ ನಂಬಬೇಡಿ, ಓಡಿಸಿ ನೋಡಿ.

ಮಾಡೆಲ್ ಇನ್ನೂ ಕೈಯಲ್ಲಿ ಹಸಿಯಾಗಿದ್ದು, ಯಾರಿಗೆ ಯಾರ ಸಂಬಂಧ, ಎಷ್ಟು, ಯಾವುದು ಇರಬಾರದು ಅಂತ ಹುಡುಕುತ್ತಿದ್ದರೆ ಅಲಾಯ್. ಹಾಸನ, ಚಿಕ್ಕಮಗಳೂರು ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟ್‌ಗೆ ಏನು ಕಲಿಯಲಿ ಅಂತ ಕೇಳಿದರೆ ನಾನು ಹೇಳುವುದೂ ಇದನ್ನೇ. ಒಂದು ಜಾರ್ ಫೈಲ್, ಜಾವಾ ಇರುವ ಹಳೇ ಲ್ಯಾಪ್‌ಟಾಪ್ ಸಾಕು, ದುಡ್ಡು ಕೊಡಬೇಕಿಲ್ಲ. ಎರಡು ಯಂತ್ರಗಳು ಒಂದಕ್ಕೊಂದು ಸಂದೇಶ ಕಳಿಸುವ ಕಡೆ ಟಿಎಲ್‌ಎ ಪ್ಲಸ್, ಎರಡನೇ ಯೋಚನೆ ಬೇಡ. ತಪ್ಪಾದರೆ ಜೀವಕ್ಕೆ ಅಪಾಯ ಇರುವ ಕೆಲಸ, ಸಾಬೀತು ಮಾಡಲು ಸಮಯ ಕೊಡುವ ಯಜಮಾನರು, ಎರಡೂ ಇದ್ದರೆ ಇವೆಂಟ್-ಬಿ.

ನಮ್ಮದು ಕೊನೆಗೆ ಎರಡು ಭಾಷೆಯಲ್ಲಿ ನಿಂತಿತು. ಲಾಟ್‌ಗಳ ರಚನೆ ಅಲಾಯ್‌ನಲ್ಲಿ, ಟ್ಯಾಬ್ಲೆಟ್‌ನ ಕಳಿಸುವಿಕೆ ಟಿಎಲ್‌ಎ ಪ್ಲಸ್‌ನಲ್ಲಿ. ಆದರೆ ಭಾಷೆ ಆರಿಸುವ ಮೊದಲು ರೈಟರ ಹತ್ತಿರ ಹೋಗಿ ಚೀಟಿ ಬರದ ಲಾಟನ್ನು ಏನೆಂದು ತಿಳಿಯಬೇಕು ಅಂತ ಕೇಳಿದೆವು. "ಚೀಟಿ ಬರೋ ತನಕ ಮೂಟೆ ಲೆಕ್ಕದಲ್ಲಿರ್ಲಿ, ದುಡ್ಡಿನ ಲೆಕ್ಕಕ್ಕೆ ಬರೋದು ಬೇಡ" ಅಂದರು. ನಾವು ಒಂದೇ ಅಂದುಕೊಂಡಿದ್ದ ಷರತ್ತು ಅಲ್ಲಿ ಎರಡಾಯಿತು. ಓಟಿ ಇದ್ದರೆ ಅದು 20ರಿಂದ 32ರ ಒಳಗೆ, ಇದು ಎಲ್ಲ ಲಾಟ್‌ಗಳಿಗೂ. ಓಟಿ ಇರಲೇಬೇಕು, ಇದು ಪಾವತಿ ಪಟ್ಟಿಗೆ ಹೋಗುವ ಲಾಟ್‌ಗಳಿಗೆ ಮಾತ್ರ. ಎರಡನ್ನೂ ಅಲಾಯ್‌ನಲ್ಲಿ ಬರೆದು, ಚೀಟಿ ಇಲ್ಲದ ಲಾಟ್ ಪಾವತಿಗೆ ಹೋಗುವ ಉದಾಹರಣೆ ಹುಡುಕು ಅಂತ ಕೇಳಿದೆವು. ಐದು ಲಾಟ್‌ಗಳ ಮಿತಿಯೊಳಗೆ ಒಂದೂ ಸಿಗಲಿಲ್ಲ. ಆ ಮೇಲೆ ಡೇಟಾಬೇಸ್‌ನ ಪಾವತಿ ಟೇಬಲ್‌ನಲ್ಲಿ ಓಟಿ ಕಾಲಂ ಅನ್ನು ಖಾಲಿ ಬಿಡಲು ಬಾರದ ಹಾಗೆ ಮಾಡಿದೆವು.